ಆಳಾಗಿ ಬಾಳಿದ ಗುರು: ಹರ್ಮನ್ ಮೋಗ್ಲಿಂಗ್

ಲೋಕದಲ್ಲಿ ಪ್ರೇಮವೆಂಬ ಮಾತನ್ನು ಆಡದವರಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ವಿರಳ. ಬಡವನಿಗೆ ದಾನ ಮಾಡುವುದು ಬಹಳ ಕಷ್ಟದ ಕೆಲಸವೇನಲ್ಲ. ಮೇಲಿರುವ ಕೈ ಕೆಳಗಿರುವ ಕೈಗೆ ಕೊಡುವಾಗ ಕೊಟ್ಟವನ ಹಿರಿತನಕ್ಕೆ ಕುಂದುಂಟಾಗುವುದಿಲ್ಲ. ಆದರೆ ನಾವು ಯಾರಿಗೆ ಕೊಡುತ್ತೇವೆಯೋ ಅವನಿಗೇ ತಲೆಬಾಗಬೇಕಾದಾಗ, ನಾವು ಯಾರಿಗೆ ಕಲಿಸುತ್ತೇವೆಯೋ ಅವನಿಂದಲೇ ಕಲಿಯಬೇಕಾದಾಗ ಮನಸ್ಸು ಹಿಂಜರಿಯುತ್ತದೆ. ಆಳಾಗಿ ದುಡಿಯಬಲ್ಲವನೇ ಅರಸಾಗಿ ಬಾಳಬಲ್ಲನೆಂಬ ಅಭಿಪ್ರಾಯದ ನಾಣ್ಣುಡಿ ನಮ್ಮಲ್ಲಿದೆ. ಅರಸಾಗುವ ಆಸೆಯನ್ನೇ ತೊರೆದು ಕೊನೆಯವರೆಗೂ ಆಳಾಗಿಯೇ ಉಳಿದವರು ಮಾತ್ರ ಬೆರಳೆಣಿಕೆಯಷ್ಟು ಜನ. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರೆಂದು ನಾವೆಲ್ಲರೂ ಹೆಸರು ಕೇಳಿರುವ ಹರ್ಮನ್ ಮೋಗ್ಲಿಂಗರು ಅಂಥವರಲ್ಲಿ ಒಬ್ಬರು. ಪತ್ರಿಕೆಯ ಸಂಗತಿ ಬಹುಜನರಿಗೆ ತಿಳಿದಿದೆ. ಅದರ ಹಿಂದಿದ್ದ ಮನುಷ್ಯನ ಬಾಳು ಅಷ್ಟಾಗಿ ತಿಳಿದಿಲ್ಲ. ಆ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಮೋಗ್ಲಿಂಗರು ೧೮೧೧ನೆಯ ಇಸವಿ ಮೇ ೨೯ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಓದಿದರು. ಅಷ್ಟು ಓದಿದವರಿಗೆ ಸ್ವದೇಶದಲ್ಲಿಯೇ ಗೌರವದ ಪದವಿಯೂ ನೆಮ್ಮದಿಯ ಬಾಳೂ ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಆ ತರುಣನ ಮನಸ್ಸು ಬೇರೊಂದು ದಾರಿಯನ್ನು ಹಿಡಿಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಷನ್ ಎಂಬ ಸಂಸ್ಥೆಯು ೧೮೩೪ರಲ್ಲಿ ತನ್ನ ಮೊದಲ ಮೂವರು ಪಾದ್ರಿಗಳನ್ನು ಮಂಗಳೂರಿಗೆ ಕಳುಹಿಸಿತ್ತು. ಎರಡು ವರ್ಷಗಳ ತರುವಾಯ, ೧೮೩೬ರಲ್ಲಿ, ಇಪ್ಪತ್ತೈದು ವರ್ಷದ ಮೋಗ್ಲಿಂಗರೂ ಅದೇ ದಾರಿಯಲ್ಲಿ ಹೊರಟು ಕನ್ನಡ ನಾಡಿಗೆ ಬಂದರು.

ಆ ಸಂಸ್ಥೆಯ ಕಟ್ಟುಪಾಡುಗಳು ಬಹು ಬಿಗಿಯಾಗಿದ್ದುವು. ಸೇವೆಗೆ ಹೊರಟವರಿಗೆ ದೊರೆಯುತ್ತಿದ್ದುದು ಹೊಟ್ಟೆಬಟ್ಟೆಗೆ ಸಾಲುವಷ್ಟು ಮಾತ್ರ. ಎಲ್ಲಿ ನೆಲೆಸಬೇಕು, ಯಾವ ಕೆಲಸವನ್ನು ಮಾಡಬೇಕು ಎಂಬುದನ್ನು ದೂರದ ಬಾಸೆಲಿನ ಸಮಿತಿ ನಿಶ್ಚಯಿಸುತ್ತಿತ್ತು. ವಿವಾಹವಾಗಬೇಕಾದರೂ ಆ ಸಮಿತಿಯ ಅಪ್ಪಣೆ ಬೇಕಾಗಿತ್ತು. ಒಂದು ಪತ್ರ ಸಮುದ್ರವನ್ನು ದಾಟಿ ಹೋಗಿ ಉತ್ತರ ಮರಳಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು. ಇಂತಹ ಅಧೀನತೆಗೆ ಒಪ್ಪಿಕೊಂಡು ಬಂದವರು ತಮ್ಮ ಇಚ್ಛೆಯನ್ನು ಮೊದಲೇ ಬಿಟ್ಟುಕೊಟ್ಟಿದ್ದರು. ಆದರೆ ಮೇಲಿನವರಿಗೆ ಕೆಳಗಿನವನು ವಿಧೇಯನಾಗುವುದು ಒಂದು ಬಗೆ. ಅದು ಸೈನ್ಯದಲ್ಲಿಯೂ ಕಚೇರಿಯಲ್ಲಿಯೂ ಕಾಣುವಂಥದು. ಒಬ್ಬರಿಗೊಬ್ಬರು, ಹಿರಿಯನೂ ಕಿರಿಯನಿಗೆ, ಪ್ರೇಮದಿಂದ ಅಧೀನರಾಗುವುದು ಇನ್ನೊಂದು ಬಗೆ. ಅದು ಬಹು ಅಪೂರ್ವ. ಕ್ರೈಸ್ತ ಧರ್ಮದ ಬೋಧೆಯಲ್ಲಿ ಮುಖ್ಯವಾದುದು ಈ ಎರಡನೆಯದೇ. ಯೇಸುಕ್ರಿಸ್ತನು ತನ್ನ ಮರಣದ ಹಿಂದಿನ ರಾತ್ರಿ ಗುರುವಾಗಿದ್ದರೂ ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದನೆಂದೂ, ಅವರೂ ಪರಸ್ಪರವಾಗಿ ಹಾಗೆಯೇ ನಡೆಯಬೇಕೆಂದು ವಿಧಿಸಿದನೆಂದೂ ಆ ಧರ್ಮಗ್ರಂಥವು ತಿಳಿಸುತ್ತದೆ. ಪಾದ ತೊಳೆಯುವುದು ಆ ದೇಶದಲ್ಲಿ ದಾಸನ ಕೆಲಸ. ಮೋಗ್ಲಿಂಗರ ಬಾಳೆಲ್ಲವೂ ಈ ಒಂದು ಪಾಠದ ಅಭ್ಯಾಸವೆಂದು ಹೇಳಬಹುದು.

ಅವರು ಮೊದಲು ಮಾಡಿದ ಕೆಲಸ ಕನ್ನಡವನ್ನು ಕಲಿತುದು. ಪಂಡಿತ ಪದವಿಯನ್ನು ಪಡೆದು ಬಂದಿದ್ದವರು ಅ, ಆ, ಇ, ಈ ತಿದ್ದುವ ಬಾಲಕರಾದರು. ಅನಂತರ ಮಂಗಳೂರಿನಲ್ಲಿ ಹುಡುಗರ ವಸತಿಶಾಲೆಯ ಹೊಣೆ ಅವರ ಮೇಲೆ ಬಿದ್ದಿತು. ಬೇರೆ ಬೇರೆ ಜಾತಿಗಳಿಂದ ಬಂದ ಬಡ ಹುಡುಗರು, ಹೊಸ ಮತವನ್ನು ಹಿಡಿದುದರಿಂದ ಮನೆಯನ್ನೂ ನೆಂಟರನ್ನೂ ಕಳೆದುಕೊಂಡವರು ಅಲ್ಲಿದ್ದರು. ಅವಿವಾಹಿತರಾಗಿದ್ದ ಮೋಗ್ಲಿಂಗರು ಈ ಹುಡುಗರೊಡನೆಯೇ ಬಾಳಿದರು. ಶಾಲೆಯೇ ಅವರ ಸಂಸಾರವಾಯಿತು. ಪರಂಗಿಯವರು ಎತ್ತರದ ಬಂಗಲೆಗಳಲ್ಲಿ ಆಳುಕಾಳುಗಳ ನಡುವೆ ಇರುತ್ತಿದ್ದ ಆ ದಿನಗಳಲ್ಲಿ ಇಂತಹ ಬಾಳು ಎಷ್ಟು ಮಂದಿಯ ಹುಬ್ಬೇರಿಸಿರಬೇಕೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಅವರ ಪ್ರೀತಿಗೆ ಪಾತ್ರರಾದವರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ತರುಣನು ಮುಖ್ಯನು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ೧೮೨೫ರಲ್ಲಿ ಹುಟ್ಟಿದ ಈತನು ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ೧೮೪೪ರ ಜನವರಿಯಲ್ಲಿ ಆತನೂ ಆತನ ಇಬ್ಬರು ಗೆಳೆಯರೂ ಕ್ರೈಸ್ತ ಮತವನ್ನು ಸ್ವೀಕರಿಸಿದರು. ಊರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಮಗನನ್ನು ಕಳೆದುಕೊಂಡೆವೆಂದು ಹೆತ್ತವರು ಪಟ್ಟ ದುಃಖವನ್ನು ಇಂದು ಓದುವವರು ಯಾವ ಮತದವರಾದರೂ ಮರೆಯಲಾಗದು. ಆನಂದರಾಯನೂ ಬಂಧುಬಳಗವನ್ನೆಲ್ಲ ಒಮ್ಮೆಗೇ ಕಳೆದುಕೊಂಡನು. ಒಬ್ಬ ತರುಣನು ತನ್ನ ಮಾತನ್ನು ಕೇಳಿ ಸರ್ವಸ್ವವನ್ನೂ ಬಿಟ್ಟು ಬಂದಾಗ ಆ ಮಾತನ್ನು ಹೇಳಿದವನ ಮೇಲೆ ಬೀಳುವ ಹೊರೆ ಸಾಮಾನ್ಯವಾದುದಲ್ಲ. ಮೋಗ್ಲಿಂಗರು ಆ ಹೊರೆಯನ್ನು ಇಳಿಸಿ ಓಡಲಿಲ್ಲ. ಶಿಷ್ಯನು ಗುರುವಿನ ಹರ್ಮನ್ ಎಂಬ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡನು. ೧೮೪೬ರಲ್ಲಿ ಗುರುವು ಅವನನ್ನು ತನ್ನೊಡನೆ ಯುರೋಪಿಗೆ ಕರೆದೊಯ್ದನು. ಬಾಸೆಲಿನಲ್ಲಿ ಜರ್ಮನ್ ತರುಣರ ಜತೆಯಲ್ಲಿ ಅವರಿಗೆ ಸಮಾನನಾಗಿ ಕುಳಿತು ಓದಿದ ಕೌಂಡಿನ್ಯನು ೧೮೫೧ರಲ್ಲಿ ಪಾದ್ರಿಯಾಗಿ ದೀಕ್ಷೆಯನ್ನು ಪಡೆದು ಮಂಗಳೂರಿಗೆ ಮರಳಿದನು. ಬಾಸೆಲ್ ಮಿಷನ್ನಿನಲ್ಲಿ ಆ ಪದವಿಗೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. ಶಿಷ್ಯನು ಯಾವಾಗಲೂ ಶಿಷ್ಯನಾಗಿಯೇ ಇರಲೆಂದು ಬಯಸುವ ಗುರುಗಳಿದ್ದಾರೆ. ಶಿಷ್ಯನು ತನ್ನ ಹೆಗಲೆಣೆಯಾಗಲೆಂದು ಬಯಸುವವನೇ ನಿಜವಾದ ಗುರು.

ಇದಕ್ಕೆ ಮುನ್ನವೇ ಮೋಗ್ಲಿಂಗರು ಇನ್ನೊಂದು ದೊಡ್ಡ ಕಾರ್ಯಕ್ಕೆ ಕೈಹಾಕಿದ್ದರು. ೧೮೪೧ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಮುದ್ರಣಾಲಯವು ಆರಂಭವಾಗಿತ್ತು. ಅಲ್ಲಿಂದ ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವೆಂಬ ಪಾಕ್ಷಿಕ ಪತ್ರಿಕೆಯನ್ನು ಅವರು ಹೊರಡಿಸಿದರು. ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದ ನಾಲ್ಕು ಪುಟಗಳ ಆ ಹಾಳೆಯಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ಹೊರರಾಜ್ಯಗಳ ಸುದ್ದಿ, ಕಥೆ, ನೀತಿ, ಹಾಡು ಎಲ್ಲವೂ ಇರುತ್ತಿದ್ದುವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆದು, ಬೇಗನೆ ನಿಂತುಹೋಯಿತು. ಅಲ್ಪಾಯುಷಿಯಾದರೂ ಅದು ಕನ್ನಡದ ಮೊದಲ ವೃತ್ತಪತ್ರಿಕೆ. ಕರ್ನಾಟಕದಲ್ಲಿ ಪ್ರತಿವರ್ಷ ಜುಲೈ ೧ನ್ನು ಪತ್ರಿಕಾ ದಿನವನ್ನಾಗಿ ಆಚರಿಸುವುದು ಇದೇ ಕಾರಣದಿಂದ.

ಮೋಗ್ಲಿಂಗರು ಕಲಿಸಲು ಬಂದವರು. ಆದರೆ ಕಲಿಯುವುದನ್ನು ಅವರು ನಿಲ್ಲಿಸಲಿಲ್ಲ. ಕನ್ನಡ ನಾಡಿನ ಜನರ ಮನಸ್ಸನ್ನು ಅರಿಯದೆ ಅವರಿಗೆ ಬೋಧಿಸಲು ಹೊರಡುವುದು ಅಹಂಕಾರವೆಂದು ಅವರಿಗೆ ಮನವರಿಕೆಯಾಗಿತ್ತು. ಅವರ ದಾಯಾದಿ ಸೋದರನೂ ಆಪ್ತಮಿತ್ರನೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಎಂಬ ಪಾದ್ರಿಯು ಕನ್ನಡದಲ್ಲಿ ಆಳವಾದ ಪರಿಶ್ರಮವುಳ್ಳವನು. ಇಬ್ಬರೂ ಕೂಡಿ ಓಲೆಗರಿಗಳನ್ನು ಹುಡುಕಿದರು, ಪ್ರತಿಗಳನ್ನು ಬರೆಸಿದರು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಧನಸಹಾಯ ಮಾಡಿದರು. ಹೀಗೆ ೧೮೪೮ರಿಂದ ೧೮೫೩ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯು ಮಂಗಳೂರಿನಲ್ಲಿ ಅಚ್ಚಾಯಿತು. ಬಸವಪುರಾಣ, ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳು ಮುಂತಾದುವು ಆ ಮಾಲೆಯಲ್ಲಿ ಬೆಳಕನ್ನು ಕಂಡವು. ಅನ್ಯಮತದ ಪಾದ್ರಿಯೊಬ್ಬನು ಶರಣರ ಕಥೆಯನ್ನೂ ಹರಿದಾಸರ ಹಾಡುಗಳನ್ನೂ ಇಷ್ಟು ಶ್ರದ್ಧೆಯಿಂದ ಸಂಗ್ರಹಿಸಿದುದು ಆಶ್ಚರ್ಯಕರವಾಗಿ ತೋರಬಹುದು. ಆದರೆ ನಮ್ಮ ಹರಿದಾಸರು ತಮ್ಮನ್ನು ದಾಸರೆಂದೇ ಕರೆದುಕೊಂಡರು. ಶರಣರು ತಮ್ಮನ್ನು ಭಕ್ತರ ಕಿಂಕರರೆಂದು ಹೇಳಿಕೊಂಡರು. ಸೇವಕನಾಗುವುದರಲ್ಲಿಯೇ ಹಿರಿಮೆಯನ್ನು ಕಂಡವನಿಗೆ ಈ ದನಿಯು ಅಪರಿಚಿತವಾಗಿ ಕೇಳಿಸಿರಲಾರದು. ಮುಂದೆ ಅವರು ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಅನುವಾದಿಸಿ ತಮ್ಮ ದೇಶದ ವಿದ್ವಾಂಸರ ಮುಂದಿಟ್ಟರು.

೧೮೫೨ರ ವೇಳೆಗೆ ಮೋಗ್ಲಿಂಗರ ಶರೀರವು ಬಹಳವಾಗಿ ಬಳಲಿತ್ತು. ಹದಿನಾರು ವರ್ಷಗಳ ದುಡಿಮೆಯ ಮೇಲೆ ಸ್ವದೇಶಕ್ಕೆ ಹಿಂದಿರುಗುವುದೆಂದು ಅವರು ಯೋಚಿಸಿದ್ದರು. ಆ ಹೊತ್ತಿನಲ್ಲಿ ಕೊಡಗಿನ ಸಂನ್ಯಾಸಿಯೊಬ್ಬನು ಘಟ್ಟವನ್ನಿಳಿದು ಮಂಗಳೂರಿಗೆ ಬಂದು ಅವರನ್ನು ಕಂಡನು. ಆತನು ಆಲ್ಮಂಡ ಮನೆತನದ ಸೋಮಯ್ಯ. ಅವರ ಬೋಧೆಯನ್ನು ಕೇಳಿ ೧೮೫೩ರ ಜನವರಿಯಲ್ಲಿ ಕ್ರೈಸ್ತನಾದನು. ಇನ್ನು ಆತನು ತನ್ನ ಹೆಂಡತಿ ಮಕ್ಕಳಿರುವ ಊರಿಗೆ ಒಂಟಿಯಾಗಿ ಮರಳಬೇಕಾಗಿತ್ತು. ಅಲ್ಲಿ ಕುಲದವರ ಕೋಪವೂ ಬಹಿಷ್ಕಾರವೂ ಕಾದಿದ್ದುವು.

ಮೋಗ್ಲಿಂಗರ ಮುಂದೆ ಎರಡು ದಾರಿಗಳಿದ್ದುವು. ಒಂದು ಸಮುದ್ರದ ದಾರಿ. ಅದರ ಕೊನೆಯಲ್ಲಿ ವಿಶ್ರಾಂತಿ, ಆರೋಗ್ಯ, ಬಂಧುಮಿತ್ರರು. ಇನ್ನೊಂದು ಘಟ್ಟದ ದಾರಿ. ಅದರ ಕೊನೆಯಲ್ಲಿ ಅಪರಿಚಿತವಾದ ನಾಡು, ಮಳೆ, ಜ್ವರ, ವಿರೋಧ. ಅವರು ಸಮುದ್ರದ ಕಡೆಗೆ ಬೆನ್ನುಮಾಡಿ ಸೋಮಯ್ಯನೊಡನೆ ಘಟ್ಟವನ್ನು ಹತ್ತಿದರು. ಗುರುವಾಗಿ ಮುಂದೆ ನಡೆಯುವುದಕ್ಕಿಂತ ಹೆಚ್ಚಾಗಿ, ಕಷ್ಟಕ್ಕೆ ಸಿಕ್ಕಿದವನ ಜೊತೆಗಾರನಾಗಿ ನಡೆಯಲು ಹೋದರೆಂದೇ ಹೇಳಬೇಕು. ಸೋಮಯ್ಯನ ಕುಟುಂಬವು ಮುಂದೆ ಅನುಭವಿಸಿದ ಬಹಿಷ್ಕಾರದ ದಿನಗಳಲ್ಲಿ ಅವರು ಅವನ ಪಕ್ಕದಲ್ಲಿಯೇ ನಿಂತರು. ಸ್ವದೇಶಕ್ಕೆ ಮರಳುವ ಮಾತು ಅಲ್ಲಿಗೆ ನಿಂತಿತು. ಕೊಡಗಿನ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕವು ೧೮೫೫ರಲ್ಲಿ ಪ್ರಕಟವಾಯಿತು. ರಾಜರ ಆಳ್ವಿಕೆಯು ೧೮೩೪ರಲ್ಲಿ ಕೊನೆಗೊಂಡು ಕಂಪೆನಿ ಸರಕಾರದ ಕೈಗೆ ಬಂದಿದ್ದ ಆ ನಾಡಿನ ವಿಚಾರವಾಗಿ ಬರೆದ ಆರಂಭದ ಗ್ರಂಥಗಳಲ್ಲಿ ಅದಕ್ಕೆ ಇಂದಿಗೂ ಸ್ಥಾನವುಂಟು.

೧೮೫೫ರಲ್ಲಿ ಗೆಳೆಯ ವೈಗ್ಲೆಯು ತೀರಿಕೊಂಡನು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದಿದ್ದ ಆ ವಿದ್ವಾಂಸನಿಗೆ ಆಗ ನಾಲ್ವತ್ತು ವರ್ಷವೂ ತುಂಬಿರಲಿಲ್ಲ. ಪರದೇಶದಲ್ಲಿ ಅವನ ಪತ್ನಿ ಪೌಲೀನಳೂ ಮಕ್ಕಳೂ ಆಸರೆಯಿಲ್ಲದವರಾದರು. ಅಲ್ಲಿಯವರೆಗೆ ಒಂಟಿಯಾಗಿಯೇ ಬಾಳಿದ್ದ ಮೋಗ್ಲಿಂಗರು ಆ ವಿಧವೆಯನ್ನು ವಿವಾಹವಾಗಿ, ಗೆಳೆಯನ ಮಕ್ಕಳನ್ನು ತಮ್ಮ ಮಕ್ಕಳೆಂದು ಸ್ವೀಕರಿಸಿದರು. ವಿಧವೆಯ ಮರುವಿವಾಹವೆಂದರೆ ನಮ್ಮ ನಾಡಿನ ಮೇಲ್ಜಾತಿಗಳಲ್ಲಿ ಬಾಯಲ್ಲಿ ಆಡಲೂ ಹೆದರುತ್ತಿದ್ದ ಕಾಲವದು. ಹಿಂದೂ ವಿಧವಾ ವಿವಾಹದ ಕಾನೂನು ೧೮೫೬ರಲ್ಲಿಯಷ್ಟೇ ಜಾರಿಗೆ ಬಂದಿತು. ಯುರೋಪಿಯನ್ನರಲ್ಲಿ ಅದಕ್ಕೆ ನಿಷೇಧವಿರಲಿಲ್ಲವೆಂಬುದು ನಿಜ. ಆದರೂ ನಾಲ್ವತ್ತೈದರ ಆಸುಪಾಸಿನಲ್ಲಿ, ಕುಂದಿದ ಆರೋಗ್ಯದಲ್ಲಿ, ಒಂದು ಸಂಸಾರದ ಭಾರವನ್ನು ಒಮ್ಮೆಗೇ ಹೊರುವುದು ಸುಲಭದ ಮಾತಲ್ಲ.

ಕೊಡಗಿನಲ್ಲಿ ಮೋಗ್ಲಿಂಗರ ಕಣ್ಣು ಬೇರೊಂದು ಜನದ ಮೇಲೆ ಬಿದ್ದಿತು. ಹೊಲೆಯರೆಂದು ಕರೆಯಲ್ಪಡುತ್ತಿದ್ದ ದುಡಿಮೆಗಾರರು ಅಲ್ಲಿ ತಲೆತಲಾಂತರದಿಂದ ಒಡೆಯರ ಹೊಲಗಳಿಗೆ ಕಟ್ಟುಬಿದ್ದ ಜೀತದ ಆಳುಗಳಾಗಿದ್ದರು. ಬತ್ತವನ್ನು ಬೆಳೆದವರು ಅವರು. ಕಣಜವು ಮಾತ್ರ ಅವರದಲ್ಲ. ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ಕಿತ್ತುಹಾಕುವ ಶಾಸನವು ಕಂಪೆನಿಯ ರಾಜ್ಯದಲ್ಲಿ ೧೮೪೩ರಲ್ಲಿಯೇ ಆಗಿತ್ತು. ಆದರೆ ಕಾಗದದ ಮೇಲಿನ ಬಿಡುಗಡೆಯು ಕಾಡಿನ ನಡುವಣ ಗದ್ದೆಯನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ಇವರಲ್ಲಿ ಕೆಲವು ಕುಟುಂಬಗಳು ಕ್ರೈಸ್ತ ಸಭೆಯನ್ನು ಸೇರಲು ಬಂದುವು. ಬರಿಯ ಬೋಧೆಯಿಂದ ಅವರ ಹೊಟ್ಟೆ ತುಂಬುವಂತಿರಲಿಲ್ಲ. ಒಡೆಯನ ಹಟ್ಟಿಯನ್ನು ಬಿಟ್ಟವರಿಗೆ ನಿಲ್ಲಲು ನೆಲ ಬೇಕು, ದುಡಿಯಲು ಕೆಲಸ ಬೇಕು, ತಲೆಯೆತ್ತಿ ನಡೆಯಲು ಊರೊಂದು ಬೇಕು. ೧೮೫೦ರ ದಶಕದ ಕೊನೆಯಲ್ಲಿ ದಕ್ಷಿಣ ಕೊಡಗಿನ ಕಾಡಿನ ನಡುವೆ ಅಂಥ ಊರೊಂದು ಎದ್ದಿತು. ಅದಕ್ಕೆ ಆನಂದಪುರವೆಂದು ಹೆಸರಾಯಿತು.

ಈ ಕಾರ್ಯದಲ್ಲಿ ಮೋಗ್ಲಿಂಗರಿಗೆ ಹೆಗಲು ಕೊಟ್ಟವರು ಬೇರಾರೂ ಅಲ್ಲ, ಅವರ ಶಿಷ್ಯ ಆನಂದರಾವ್ ಕೌಂಡಿನ್ಯರು. ಈ ಸಂಗತಿಯನ್ನು ನಾವು ನಿಂತು ಯೋಚಿಸಬೇಕು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನೊಬ್ಬನು, ಜರ್ಮನ್ ಪಂಡಿತನೊಬ್ಬನು, ನೆರಳು ಬಿದ್ದರೂ ಮೈಲಿಗೆಯೆಂದು ಊರು ದೂರವಿಟ್ಟಿದ್ದ ಜೀತಗಾರರು, ಇವರೆಲ್ಲರೂ ಒಂದೇ ಸಭೆಯಲ್ಲಿ ಕುಳಿತು ಒಬ್ಬರನ್ನೊಬ್ಬರು ಸೋದರರೆಂದು ಕರೆದರು. ಇಂದು ನಮಗೆ ಇದು ಸಹಜವಾಗಿ ತೋರಬಹುದು. ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿದುದು ೧೯೫೦ರಲ್ಲಿ. ಆನಂದಪುರವು ಹುಟ್ಟಿದುದು ಅದಕ್ಕೆ ತೊಂಬತ್ತು ವರ್ಷಗಳಿಗೂ ಹಿಂದೆ. ಅಲ್ಲಿ ಎಲ್ಲ ಭೇದಗಳೂ ಒಂದೇ ದಿನದಲ್ಲಿ ಕರಗಿಹೋದುವೆಂದು ಹೇಳಿದರೆ ಅದು ಸುಳ್ಳಾದೀತು. ಹೆಸರು ಬದಲಾದ ಮಾತ್ರಕ್ಕೆ ಸಾವಿರ ವರ್ಷಗಳ ಅಭ್ಯಾಸವು ಬದಲಾಗುವುದಿಲ್ಲ. ಕೊಡುವವನು, ಪಡೆಯುವವನು ಎಂಬ ಭೇದವೂ ಸುಲಭವಾಗಿ ಅಳಿಯುವುದಿಲ್ಲ. ಆದರೆ ಹಿರಿಯನೆನಿಸಿಕೊಂಡವನು ತಾನೇ ಕೆಳಗಿಳಿದು ಬಂದು ಪಕ್ಕದಲ್ಲಿ ಕುಳಿತುದು ಒಂದು ಆರಂಭವಾಗಿತ್ತು. ಗುರುವಿನ ಹೆಸರನ್ನು ಶಿಷ್ಯನು ಧರಿಸಿದ್ದನಷ್ಟೆ. ಗುರುವು ಕಟ್ಟಿದ ಊರಿನ ಹೆಸರಿನಲ್ಲಿ ಈಗ ಶಿಷ್ಯನ ಹೆಸರಿನ ದನಿ ಕೇಳಿಸುತ್ತದೆ. ಪರಸ್ಪರ ಅಧೀನತೆಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಸುಂದರವಾದ ಗುರುತು ಇನ್ನೊಂದು ಬೇಕೆ?

೧೮೫೮ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕನ್ನಡ ಸಾಹಿತ್ಯಕ್ಕಾಗಿ ಮೋಗ್ಲಿಂಗರು ಮಾಡಿದ ಸೇವೆಯನ್ನು ಮನ್ನಿಸಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ದೂರದ ಜರ್ಮನಿಯಲ್ಲಿ ಕನ್ನಡದ ಹೆಸರಿಗೆ ಸಂದ ಮನ್ನಣೆಯದು. ಆ ಪದವಿಯು ಬಂದಾಗ ಅದನ್ನು ಪಡೆದವರು ಕೊಡಗಿನ ಕಾಡಿನಲ್ಲಿ ಬಡವರ ನಡುವೆ ಇದ್ದರು. ಎರಡು ವರ್ಷಗಳ ತರುವಾಯ ಪತ್ನಿಯ ಅನಾರೋಗ್ಯವು ಬಲವಾದುದರಿಂದ ಅವರು ಭಾರತವನ್ನು ಬಿಡಬೇಕಾಯಿತು. ತನಗಾಗಿ ಮರಳಲು ಒಪ್ಪದಿದ್ದವರು ಪತ್ನಿಗಾಗಿ ಮರಳಿದರು. ಪ್ರಿಯವಾದ ಕೆಲಸವನ್ನು ಕೈಯಾರೆ ಬಿಟ್ಟುಕೊಡುವುದೂ ಪ್ರೇಮದ ಒಂದು ಪರೀಕ್ಷೆಯೇ. ಜರ್ಮನಿಯಲ್ಲಿಯೂ ಅವರು ಕನ್ನಡವನ್ನು ಮರೆಯಲಿಲ್ಲ. ದಾಸರ ಪದಗಳನ್ನೂ ಲಕ್ಷ್ಮೀಶನ ಕಾವ್ಯದ ಭಾಗಗಳನ್ನೂ ಅಲ್ಲಿನ ವಿದ್ವತ್ಪತ್ರಿಕೆಯ ಮೂಲಕ ಪರಿಚಯ ಮಾಡಿಕೊಟ್ಟರು. ೧೮೮೧ರ ಮೇ ೧೦ರಂದು ಎಸ್ಲಿಂಗನ್ ಎಂಬ ಊರಿನಲ್ಲಿ, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ಅವರು ದೇಹವನ್ನು ಬಿಟ್ಟರು. ಅವರ ಜೀವನಚರಿತ್ರೆಯನ್ನು ಬರೆದವರು ಅವರ ಗೆಳೆಯರೂ ಮಲೆಯಾಳ ಭಾಷೆಗೆ ಮಹೋಪಕಾರ ಮಾಡಿದವರೂ ಆದ ಹರ್ಮನ್ ಗುಂಡರ್ಟರು. ಕೌಂಡಿನ್ಯರು ಗುರುವು ಹೋದ ಮೇಲೂ ತಮ್ಮ ಸೇವೆಯನ್ನು ಮುಂದುವರಿಸಿ ೧೮೯೩ರಲ್ಲಿ ಕಾಲವಾದರು. ಅದರ ಮರುವರ್ಷ, ೧೮೯೪ರಲ್ಲಿ, ಅದೇ ಮಂಗಳೂರಿನ ಮುದ್ರಣಾಲಯದಿಂದ ಕಿಟ್ಟೆಲರ ಮಹಾನಿಘಂಟು ಹೊರಬಂದಿತು. ಕಿಟ್ಟೆಲರು ಕಟ್ಟಿದ ಗೋಪುರಕ್ಕೆ ನೆಲಗಟ್ಟನ್ನು ಹಾಕಿದವರಲ್ಲಿ ಮೋಗ್ಲಿಂಗರೂ ವೈಗ್ಲೆಯೂ ಸೇರಿದ್ದಾರೆ.

ಧಾರಾವಿಯಲ್ಲಿ ಓದುತ್ತಿರುವ ಬಾಲಮಿತ್ರರೇ, ಮಂಗಳೂರಿಗೂ ಕೊಡಗಿಗೂ ನಮಗೂ ಬಹಳ ದೂರವೆಂದು ನೀವು ಭಾವಿಸಬಹುದು. ಮುಂಬಯಿಯ ಹಳೆಯ ಚಾಳುಗಳ ಮಾಡುಗಳನ್ನು ನೋಡಿರಿ. ಕೆಂಪಗಿನ ಮಂಗಳೂರು ಹಂಚುಗಳು ಇನ್ನೂ ಅಲ್ಲಲ್ಲಿ ಕಾಣಿಸುತ್ತವೆ. ಹಂಚಿನ ಆ ಉದ್ಯಮಕ್ಕೆ ೧೮೬೫ರಲ್ಲಿ ಮಂಗಳೂರಿನಲ್ಲಿ ತಳಹದಿ ಹಾಕಿದುದು ಬಾಸೆಲ್ ಮಿಷನ್ನೇ. ಜಾತಿಯಿಂದ ಹೊರಬಿದ್ದು ಜೀವನೋಪಾಯವನ್ನು ಕಳೆದುಕೊಂಡವರಿಗೆ ಕೆಲಸ ಕೊಡುವುದು ಆ ಕಾರ್ಖಾನೆಗಳ ಒಂದು ಉದ್ದೇಶವಾಗಿತ್ತು. ನೆಲೆಯಿಲ್ಲದವರಿಗೆ ನೆಲೆಯಾದ ಕೆಲಸದ ಕೈಗಳು ಮಾಡಿದ ಹಂಚು ಎಷ್ಟೋ ಮನೆಗಳಿಗೆ ನೆರಳಾಯಿತು.

ನಮ್ಮ ಧಾರಾವಿಯೂ ನೆಲೆಯನ್ನು ಅರಸಿ ಬಂದವರ ಊರೇ. ಕೋಳಿವಾಡದ ಮೀನುಗಾರರು ಮೊದಲಿನಿಂದ ಇದ್ದವರು. ಸೌರಾಷ್ಟ್ರದಿಂದ ಬಂದವರು ಕುಂಬಾರವಾಡವನ್ನು ಕಟ್ಟಿದರು. ತಮಿಳು ನಾಡಿನವರು ತೊಗಲಿನ ಕೆಲಸಕ್ಕೆ ಬಂದರು. ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆಯಿಂದ ನಮ್ಮವರು ಬಂದರು. ಒಂದೇ ಗಲ್ಲಿಯಲ್ಲಿ ಗುಡಿಯ ಗಂಟೆ, ಮಸೀದಿಯ ಕರೆ, ಇಗರ್ಜಿಯ ಪ್ರಾರ್ಥನೆ ಮೂರೂ ಕೇಳಿಸುತ್ತವೆ. ನಮ್ಮ ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮನಸ್ಸುಗಳ ನಡುವೆ ಗೋಡೆಯನ್ನು ಎಬ್ಬಿಸಿಕೊಂಡರೆ ಇಲ್ಲಿ ಒಂದು ದಿನವೂ ಬಾಳಲಾಗದು. ಇಕ್ಕಟ್ಟಾದ ದಾರಿಯಲ್ಲಿ ಎದುರು ಬಂದವರಿಗೆ ಒಬ್ಬರು ಸರಿದು ನಿಲ್ಲಲೇ ಬೇಕು. ನಲ್ಲಿಯ ಸಾಲಿನಲ್ಲಿ ಮುದುಕಿಯೊಬ್ಬಳ ಕೊಡವನ್ನು ಮೊದಲು ತುಂಬಲು ಬಿಟ್ಟವನು ಚಿಕ್ಕವನಾಗುವುದಿಲ್ಲ.

ಮೋಗ್ಲಿಂಗರು ತಪ್ಪೇ ಇಲ್ಲದ ದೇವಮಾನವರಾಗಿರಲಿಲ್ಲ. ಅವರ ಮತಪ್ರಚಾರದಿಂದ ಮನನೊಂದವರೂ ಇದ್ದರು. ಆ ನೋವು ಸಣ್ಣದೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ತಾವು ನಂಬಿದ ಪ್ರೇಮದ ಬೆಲೆಯನ್ನು ಇತರರ ಕೈಯಿಂದ ಮಾತ್ರ ಕೊಡಿಸದೆ ತಾವೂ ತೆತ್ತರು. ವಿಶ್ರಾಂತಿಯನ್ನು ಸೋಮಯ್ಯನಿಗಾಗಿ ಬಿಟ್ಟರು. ಒಂಟಿ ಬಾಳನ್ನು ಗೆಳೆಯನ ಮಕ್ಕಳಿಗಾಗಿ ಬಿಟ್ಟರು. ಹಿರಿತನವನ್ನು ಶಿಷ್ಯನಿಗಾಗಿ ಬಿಟ್ಟರು. ಕೊನೆಗೆ ಪ್ರಾಣಪ್ರಿಯವಾದ ಕನ್ನಡ ನಾಡನ್ನು ಪತ್ನಿಗಾಗಿ ಬಿಟ್ಟರು. ಅವರು ಹೊರಡಿಸಿದ ಪತ್ರಿಕೆಯು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಾಳಿದಂತಿಲ್ಲ. ಕೊಡಗಿನಲ್ಲಿ ಆನಂದಪುರವು ಇಂದಿಗೂ ಇದೆ.